ಹೊಗೆ ಮೇಡಂ ಮಾವನ ಕಾರು

ನನ್ನ ಸೊಸೆಯನ್ನು ಊರಿನ ಡ್ರೈವರುಗಳೆಲ್ಲ ‘ಹೊಗೆ ಮೇಡಂ’ ಎಂದು ಕರೆಯುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಬರೀ ಮೇಡಂ, ಅದೂ ಹಲ್ಲು ಕಿರಿದುಕೊಂಡು. ಪೆಟ್ರೋಲ್ ಬಂಕಿನ ಪಕ್ಕದಲ್ಲೊಂದು ನೀಲಿ ಬಣ್ಣದ ತಗಡಿನ ಕೋಣೆಯಿದೆ. ಒಳಗೆ ಒಂದು ಕಂಪ್ಯೂಟರು, ಒಂದು ಟೇಬಲ್ ಫ್ಯಾನು, ಹೊಗೆ ಅಳೆಯುವ ಒಂದು ಯಂತ್ರ ಮತ್ತು ನನ್ನ ಸೊಸೆ. ಗಾಡಿ ಬಂದು ನಿಂತರೆ ಅದರ ಸೈಲೆನ್ಸರಿನ ಬಾಯಿಗೆ ಉದ್ದನೆಯ ಕೊಳವೆ ತೂರಿಸಿ, “ಹೂಂ, ಒತ್ತಿ” ಎನ್ನುತ್ತಾಳೆ. ಡ್ರೈವರು ಆಕ್ಸಿಲರೇಟರ್ ಒತ್ತುತ್ತಾನೆ, ಗಾಡಿ ಕೆಮ್ಮುತ್ತದೆ, ಯಂತ್ರ ಆ ಹೊಗೆಯೊಳಗೆ ಬೆಳಕು ಹಾಯಿಸಿ ಹೊಗೆ ಎಷ್ಟು ಬೆಳಕನ್ನು ತಡೆಯಿತು ಎಂದು ಒಂದು ಅಂಕಿ ಕೊಡುತ್ತದೆ. ಅಂಕಿ ಮಿತಿಯೊಳಗಿದ್ದರೆ ಪಾಸು, ಇಲ್ಲದಿದ್ದರೆ ನಪಾಸು. ಕೈ ಮುಗಿದರೂ ಅಷ್ಟೇ, ಕೂಗಾಡಿದರೂ ಅಷ್ಟೇ. ಒಬ್ಬ ಲಾರಿಯವನು ಅವಳೆದುರು ಗೊಳೋ ಎಂದು ಅತ್ತಿದ್ದಾನೆ. ಅವಳು ಅವನಿಗೆ ಒಂದು ಲೋಟ ನೀರು ಕೊಟ್ಟು, ನಪಾಸು ಚೀಟಿಯನ್ನೂ ಕೊಟ್ಟು ಕಳಿಸಿದಳು.

ನಾನು ಅವಳ ಅತ್ತೆ. ಅತ್ತೆ ಸೊಸೆಯ ಬಗ್ಗೆ ಬರೆಯಲು ಕೂತಳು ಎಂದ ಕೂಡಲೇ ನೀವೆಲ್ಲ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತೀರಿ ಎಂದು ನನಗೆ ಗೊತ್ತು. ನಿಮಗೆ ನಿರಾಸೆಯಾಗುತ್ತದೆ. ಇಲ್ಲಿ ದೂರುವುದು ಏನಾದರೂ ಇದ್ದರೆ ನನ್ನ ಗಂಡನನ್ನು. ನಾನು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಜನರ ಮಾತಿಗೆ ಲೈನು ಜೋಡಿಸಿದವಳು. ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ, ಯಾರು ಯಾರಿಗೆ ದಿನಕ್ಕೆ ಮೂರು ಸಲ ಫೋನು ಮಾಡುತ್ತಾರೆ ಎಂಬುದೆಲ್ಲ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ನಿವೃತ್ತಳಾದೆ. ಊರಿನವರ ವಿಷಯದಲ್ಲಿ ಆ ಬೀಗ ಹಾಗೇ ಇರಲಿ, ಮನೆಯವರ ವಿಷಯದಲ್ಲಿ ತೆಗೆಯುತ್ತಿದ್ದೇನೆ.

ನಮ್ಮನೆಯವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ತಾಂತ್ರಿಕ ತರಬೇತಿ ಶಾಲೆಯಲ್ಲಿ ಲೇಥ್ ಕೆಲಸ ಕಲಿಸುತ್ತಿದ್ದರು. ಕಬ್ಬಿಣವನ್ನೋ ಹಿತ್ತಾಳೆಯನ್ನೋ ಗರಗರ ತಿರುಗಿಸಿ ಬೇಕಾದ ಅಳತೆಗೆ ಕೆತ್ತುವ ಕೆಲಸ ಅದು. ಬೇರೆಯವರು ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಇವರು ವರ್ನಿಯರ್ ಇಟ್ಟುಕೊಳ್ಳುತ್ತಾರೆ, ಕೂದಲೆಳೆಯ ದಪ್ಪವನ್ನೂ ಅಳೆಯುವ ಉಕ್ಕಿನ ಇಕ್ಕಳ. ಮದುವೆಯಾದ ಹೊಸತರಲ್ಲಿ ನಾನು ಹೆಚ್ಚಿಟ್ಟಿದ್ದ ಸೌತೆಕಾಯಿ ಬಿಲ್ಲೆಗಳನ್ನು ಅದರಲ್ಲಿ ಅಳೆದು, “ಎರಡು ಮಿಲಿಮೀಟರಿಂದ ಐದರವರೆಗೂ ಇದೆಯಲ್ಲೇ” ಎಂದರು. ಅವತ್ತಿನಿಂದ ಇವತ್ತಿನವರೆಗೂ ನಮ್ಮ ಮನೆಯಲ್ಲಿ ಸೌತೆಕಾಯಿ ಹೆಚ್ಚುವುದು ಅವರೇ.

ಸೊಸೆ ಈ ಮನೆಗೆ ಸೊಸೆಯಾಗಿ ಬರುವ ಮೊದಲು ಇವರ ಶಿಷ್ಯೆಯಾಗಿದ್ದಳು. ಇಪ್ಪತ್ನಾಲ್ಕು ಹುಡುಗರ ತರಗತಿಯಲ್ಲಿ ಒಬ್ಬಳೇ ಹುಡುಗಿ. ಮೊದಲ ಪರೀಕ್ಷೆಯಲ್ಲಿ ಹುಡುಗರೆಲ್ಲ ತಾವು ಮಾಡಿದ ತುಂಡುಗಳನ್ನು ಹಿಡಿದುಕೊಂಡು ಅರ್ಧ ಅಂಕಕ್ಕೂ ಗೋಗರೆಯುತ್ತಿದ್ದರೆ, ಇವಳು ತನ್ನದನ್ನು ಮೇಜಿನ ಮೇಲಿಟ್ಟು, “ಇದು ಕೆಟ್ಟಿದೆ, ಇನ್ನೊಂದು ಮಾಡ್ತೀನಿ” ಎಂದಳಂತೆ. ಇವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

“ಒಬ್ಬಳು ಹುಡುಗಿ ಬಂದಿದಾಳೆ ಕಣೇ. ತನ್ನ ಕೆಲಸಾನ ತಾನೇ ಫೇಲ್ ಮಾಡ್ಕೊಳ್ತಾಳೆ!”

ಹೆತ್ತ ಮಗ ದಂತವೈದ್ಯನಾದಾಗಲೂ ಇವರ ಮುಖ ಅಷ್ಟು ಅರಳಿರಲಿಲ್ಲ. ಮುಂದೆ ಆ ಹುಡುಗಿಗೆ ಹಲ್ಲುನೋವು ಬಂದದ್ದು, ಮೇಷ್ಟ್ರ ಮಗನ ಹತ್ತಿರವೇ ಹೋದದ್ದು, ಅವಳ ಬಾಯಿ ತೆರೆಸಿದವನು ತಾನೇ ಬಾಯಿ ಬಿಟ್ಟುಕೊಂಡು ನಿಂತದ್ದು ಬೇರೆ ಕಥೆ. ಮದುವೆಯ ನಂತರ ಅವಳಿಗೆ ಹೊಗೆ ತಪಾಸಣೆಯ ಕೆಲಸ ಸಿಕ್ಕಿತು. ದಿನಾ ಸಂಜೆ ಮಾವ ಸೊಸೆ ಇಬ್ಬರೂ ಚಹಾದ ಲೋಟ ಹಿಡಿದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಯಾವ ಗಾಡಿ ಯಾಕೆ ನಪಾಸಾಯಿತು ಎಂದು ಗಂಟೆಗಟ್ಟಲೆ ಹರಟುತ್ತಿದ್ದರು. ನಾನು ನಡುವೆ ಬಾಯಿ ಹಾಕಿದರೆ ಇಬ್ಬರೂ ಒಟ್ಟಿಗೆ ನನ್ನನ್ನು ತಿದ್ದುತ್ತಿದ್ದರು.

ಇನ್ನು ಕಾರು. ಇವರು ಹದಿನಾಲ್ಕು ವರ್ಷದಿಂದ ಸಾಕಿದ ಟರ್ಬೋ ಡೀಸೆಲ್ ಕಾರು. ಟರ್ಬೋ ಅಂದರೆ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುವ ಒಂದು ಪುಟ್ಟ ಚಕ್ರ ಎಂದಷ್ಟು ನನಗೂ ಗೊತ್ತು. ಈ ಮನೆಯಲ್ಲಿದ್ದು ಅಷ್ಟೂ ಗೊತ್ತಿಲ್ಲದಿದ್ದರೆ ಊಟ ಸಿಗುವುದಿಲ್ಲ. ಎಂಜಿನ್ನಿನಲ್ಲಿ ಆಯಿಲ್ ಎಷ್ಟಿದೆ ಎಂದು ನೋಡಲು ಒಂದು ಉದ್ದನೆಯ ಕಡ್ಡಿ ಇರುತ್ತದೆ, ಅದನ್ನು ಎಳೆದು, ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ನೋಡಬೇಕು. ಕಡ್ಡಿ ಇಳಿಯುವ ಕೊಳವೆಯ ಬಾಯಿಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಆಲಿಕೆಯೊಂದು ಇತ್ತು. ಹೋದ ವರ್ಷ ಅದು ಬಿಸಿಗೆ ಒಣಗಿ ಚೂರು ಚೂರಾಯಿತು. ಅಂಗಡಿಯಿಂದ ಹೊಸದು ತರುವ ಜಾತಿಯೇ ಇವರು? ತರಬೇತಿ ಶಾಲೆಗೆ ಹೋಗಿ, ಹಳೆಯ ಲೇಥಿನ ಮುಂದೆ ಎರಡು ದಿನ ನಿಂತು, ಹಿತ್ತಾಳೆಯದೊಂದು ಆಲಿಕೆ ಮಾಡಿಕೊಂಡು ಬಂದರು. ಥಳಥಳ ಹೊಳೆಯುತ್ತಿತ್ತು. ಎಣ್ಣೆ, ಧೂಳು, ಕಪ್ಪು ರಬ್ಬರುಗಳ ನಡುವೆ ಅದೊಂದೇ ಬಂಗಾರದ ಹಾಗೆ ಕೂತಿತ್ತು.

“ಕಾರಿಗೂ ಒಡವೆ ಮಾಡಿಸಿದ್ರಾ?” ಎಂದು ನಾನು ರೇಗಿಸಿದೆ. “ನಲವತ್ತು ವರ್ಷದಲ್ಲಿ ನನಗೊಂದು ಉಂಗುರ ಮಾಡಿಕೊಡೋಕೆ ತೋಚಲಿಲ್ಲ.” ಇವರು ಮುಗುಳ್ನಕ್ಕು ಬಾನೆಟ್ ಮುಚ್ಚಿದರು. ಬಂದ ನೆಂಟರಿಗೆಲ್ಲ ಮೊದಲು ನೀರು, ಆಮೇಲೆ ಬಾನೆಟ್ ಎತ್ತಿ ಆಲಿಕೆಯ ದರ್ಶನ. ನಮ್ಮ ಬೀಗರಂತೂ ಅದನ್ನು ಮೂರು ಸಲ ನೋಡಿದ್ದಾರೆ.

ಆಲಿಕೆ ಬಂದ ಮೇಲೆ ಕಾರು ಆಯಿಲ್ ಕುಡಿಯಲು ಶುರು ಮಾಡಿತು. ಎರಡನ್ನೂ ಒಂದಕ್ಕೊಂದು ಗಂಟು ಹಾಕುವ ಬುದ್ಧಿ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ಇವರು ಕಡ್ಡಿ ಎಳೆಯುವುದು, ಮಟ್ಟ ಇಳಿದಿರುವುದು, “ಮತ್ತೆ ಕುಡಿದಿದೆ” ಎಂದು ಗೊಣಗುತ್ತ ಡಬ್ಬಿಯಿಂದ ಸುರಿದು ಮೇಲಿನ ಗೆರೆಗೆ ಸರಿಯಾಗಿ ತರುವುದು, ಇದು ವಾರದ ಕೆಲಸವಾಯಿತು. ಬೆಳಿಗ್ಗೆ ಕಾರು ಹೊರಡಿಸಿದರೆ ನೀಲಿ ಹೊಗೆ ಎದ್ದು ಎದುರು ಮನೆಯ ಟೈಲರ್ ತನ್ನ ಕಿಟಕಿ ಮುಚ್ಚಿಕೊಳ್ಳುತ್ತಿದ್ದ.

ತಪಾಸಣೆಯ ದಿನ ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೋದರು. ಸೊಸೆ ಎಲ್ಲರಿಗೂ ಮಾಡುವ ಹಾಗೇ ಕೊಳವೆ ತೂರಿಸಿದಳು. “ಹೂಂ, ಒತ್ತಿ ಮಾವ” ಎಂದಳು. ಇವರು ಒತ್ತಿದರು. ತಗಡಿನ ಕೋಣೆ, ಟೇಬಲ್ ಫ್ಯಾನು, ಸೊಸೆ ಎಲ್ಲ ನೀಲಿ ಹೊಗೆಯಲ್ಲಿ ಮಾಯವಾದರು. ಹೊಗೆ ಕರಗಿದಾಗ ಅಂಕಿ ಮಿತಿಗಿಂತ ಬಹಳ ಮೇಲಿತ್ತು. ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ. ಹಿಂದೆ ಸಾಲಿನಲ್ಲಿ ನಿಂತಿದ್ದ ಡ್ರೈವರುಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಸೊಸೆಯ ಮುಖ ಕೆಂಪಾಯಿತು. ಆದರೂ ಚೀಟಿ ಹೊರಗೆ ಬಂತು.

“ನಪಾಸು ಬಂದಿದೆ ಮಾವ. ಹದಿನೈದು ದಿನ ಟೈಮ್ ಇದೆ. ಅಷ್ಟರೊಳಗೆ ಸರಿ ಮಾಡಿಸದೇ ಇದ್ರೆ ಗಾಡಿ ರಸ್ತೆಗಿಳಿಸೋ ಹಾಗಿಲ್ಲ. ಇಲ್ಲೊಂದು ಸಹಿ ಹಾಕಿ.”

ಇವರು ಸಹಿ ಹಾಕಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಇವರು ಕಾರು ಹತ್ತಿದರು, ಬಾಗಿಲು ಹಾಕಿಕೊಂಡರು, ಸೊಸೆಯ ಜೊತೆ ಮಾತು ಬಿಟ್ಟರು.

ಎಪ್ಪತ್ತು ದಾಟಿದ ಗಂಡಸು ಮುಖ ಊದಿಸಿಕೊಂಡರೆ ಮನೆ ಹೇಗಿರುತ್ತದೆ ಎಂದು ಕಂಡವರಿಗೇ ಗೊತ್ತು. ಊಟದ ಮೇಜಿನಲ್ಲಿ ಸೊಸೆ ಎದುರಿಗೇ ಕೂತಿದ್ದರೂ ನನ್ನ ಕಡೆ ತಿರುಗಿ, “ಆ ತಪಾಸಣಾ ಅಧಿಕಾರಿಗಳಿಗೆ ಹೇಳು, ಉಪ್ಪಿನ ಡಬ್ಬಿ ಈ ಕಡೆ ಸರಿಸಬಹುದಂತೆ” ಎನ್ನುತ್ತಿದ್ದರು. ಸೊಸೆ, “ಅತ್ತೆ, ಬಿಪಿ ಮಾತ್ರೆ ತಗೊಂಡ್ರಾ ಅಂತ ಕೇಳಿ” ಎನ್ನುತ್ತಿದ್ದಳು. ನಾನು ಮತ್ತೆ ಎಕ್ಸ್‌ಚೇಂಜಿನಲ್ಲಿ ಕೂತ ಹಾಗಾಯಿತು, ಈ ಸಲ ಸಂಬಳವಿಲ್ಲದೆ. ಮಗ ಬುದ್ಧಿವಂತ, ಕ್ಲಿನಿಕ್ಕಿನಲ್ಲಿ ಕೆಲಸ ಜಾಸ್ತಿ ಎಂದು ಊಟಕ್ಕೆ ತಡವಾಗಿ ಬರಲು ಶುರು ಮಾಡಿದ. ಸಂಜೆ ಹಿಂಬಾಗಿಲ ಮೆಟ್ಟಿಲ ಮೇಲೆ ಸೊಸೆ ಒಬ್ಬಳೇ ಚಹಾ ಹಿಡಿದು ಕೂತಿರುತ್ತಿದ್ದಳು. ಅವಳ ಅಪ್ಪ ಅವಳು ಚಿಕ್ಕವಳಿದ್ದಾಗಲೇ ಹೋದವರು. ಮೇಷ್ಟ್ರ ಒಂದು ಮಾತಿಗೆ ಅವಳು ಎಷ್ಟು ಬೆಲೆ ಕೊಡುತ್ತಾಳೆ ಎಂದು ನಾನು ಬಲ್ಲೆ. ನನಗೆ ಗಂಡನ ಮೇಲೆ ಕೋಪ ಬಂತು.

“ಅಲ್ರೀ, ಅಳತೆ ತಪ್ಪಿದ್ರೆ ಯಾರ ಮುಖಾನೂ ನೋಡಬೇಡ ಅಂತ ಅವಳಿಗೆ ಕಲಿಸಿದ್ದು ಯಾರು?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ನಾನೇ. ಆದ್ರೆ ಕಲಿಸಿದ ಮುಖಾನೂ ನೋಡಬೇಡ ಅಂದಿರಲಿಲ್ಲ” ಎಂದು ಪತ್ರಿಕೆ ಅಡ್ಡ ಹಿಡಿದುಕೊಂಡರು.

ಕಾರು ಮೆಕ್ಯಾನಿಕ್ಕುಗಳ ಮನೆ ಸುತ್ತಿತು. ಮೊದಲನೆಯವನಿಗೆ ನಾವಿಟ್ಟ ಹೆಸರು ಬಿಚ್ಚಪ್ಪ, ಗಾಡಿಗೆ ಏನಾಗಿದ್ದರೂ “ಬಿಚ್ಚಿ ನೋಡೋಣ” ಎನ್ನುವವನು. ಅವನು ಕಡ್ಡಿ ಎಳೆದು ನೋಡಿ, “ಆಯಿಲ್ ಕರೆಕ್ಟಾಗಿ ಗೆರೆಗಿದೆ ಮೇಷ್ಟ್ರೇ. ಟರ್ಬೋ ಹೋಗಿದೆ. ಸೀಲು ಸವೆದು ಆಯಿಲ್ ಸೋರಿ ಸುಡ್ತಿದೆ, ಹೊಸದೇ ಹಾಕಬೇಕು” ಎಂದ. ದೊಡ್ಡ ಶೋರೂಮಿನವನು ಬಿಳಿ ಅಂಗಿ ತೊಟ್ಟಿದ್ದ. ಅವನೂ ಕಡ್ಡಿ ಎಳೆದು, “ಲೆವೆಲ್ ಸರಿ ಇದೆ ಸಾರ್. ಪಿಸ್ಟನ್ ರಿಂಗ್ ಸವೆದಿದೆ. ಎಂಜಿನ್ ಇಳಿಸಬೇಕು” ಎಂದ. ಇವರು ಎರಡು ರಾತ್ರಿ ಹೊರಳಾಡಿ ಕೊನೆಗೆ ಟರ್ಬೋ ಬದಲಾಯಿಸುವುದೆಂದು ತೀರ್ಮಾನಿಸಿದರು. ಸೋಮವಾರ ಬಿಚ್ಚಪ್ಪನ ಗ್ಯಾರೇಜಿಗೆ ಕಾರು ಹೋಗಬೇಕಿತ್ತು.

ಅದಕ್ಕೆ ಮುಂಚಿನ ಗುರುವಾರ ಸೊಸೆ ಅರ್ಧ ದಿನ ರಜೆ ಹಾಕಿ ಮನೆಗೆ ಬಂದಳು. ಗುರುವಾರ ಮಧ್ಯಾಹ್ನ ಇವರು ಗೆಳೆಯರ ಮನೆಗೆ ಚೆಸ್ ಆಡಲು ಹೋಗುತ್ತಾರೆ, ಮೂರು ಗಂಟೆ ಗ್ಯಾರಂಟಿ.

“ಅತ್ತೆ, ಕಾರ್ ಕೀ ಕೊಡ್ತೀರಾ? ಹಾಗೇ ಸ್ವಲ್ಪ ಟಾರ್ಚ್ ಹಿಡೀತೀರಾ?”

ನಾನು ಕೀ ಕೊಟ್ಟೆ, ಟಾರ್ಚೂ ಹಿಡಿದೆ. ಕದ್ದು ಮಾಡುವ ಕೆಲಸ ಎಂದರೆ ನನ್ನ ಸೊಂಟನೋವು ತಾನಾಗಿ ಮಾಯವಾಗುತ್ತದೆ.

ಅವಳು ಮೊದಲು ಕಾರು ಹೊರಡಿಸಿ ಹಿಂದೆ ಹೋಗಿ ನಿಂತಳು. “ಕಪ್ಪು ಹೊಗೆ ಆದ್ರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ ಅಂತ. ಬಿಳಿ ಹೊಗೆ ಬಂದು ಹೋಗದೇ ನಿಂತ್ರೆ ನೀರು ಒಳಗೆ ಸೇರ್ತಿದೆ ಅಂತ. ಇದು ನೀಲಿ. ಆಯಿಲ್ ಸುಡ್ತಿರೋದು ಗ್ಯಾರಂಟಿ ಅತ್ತೆ. ಯಾವ ದಾರೀಲಿ ಹೋಗಿ ಸುಡ್ತಿದೆ ಅನ್ನೋದೇ ಗೊತ್ತಾಗಬೇಕು.”

ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಸುರಿಯುವ ಬಾಯಿಯ ಮುಚ್ಚಳ ತಿರುಗಿಸಿ, ಹಾಗೇ ಅದರ ಮೇಲೆ ಸಡಿಲವಾಗಿ ಇಟ್ಟಳು. ರಿಂಗು ಸವೆದಿದ್ದರೆ ಕೆಳಗಿನಿಂದ ಹೊಗೆ ನುಗ್ಗಿ ಬಂದು ಮುಚ್ಚಳ ತಕತಕ ಕುಣಿಯುತ್ತದಂತೆ. ನಾವಿಬ್ಬರೂ ಮೈಯೆಲ್ಲ ಕಣ್ಣಾಗಿ ನೋಡಿದೆವು. ಮುಚ್ಚಳ ಸ್ವಲ್ಪ ನಡುಗಿತು, ಕುಣಿಯಲಿಲ್ಲ.

“ಬಿಳಿ ಅಂಗಿಯವನು ಸುಳ್ಳು” ಎಂದೆ.

“ಸುಳ್ಳಲ್ಲ ಅತ್ತೆ, ಅವಸರ” ಎಂದಳು. ಅವಳಿಗೆ ಯಾರ ಮೇಲೂ ಸಿಟ್ಟಿಲ್ಲ, ಅದೇ ಅವಳಲ್ಲಿ ನನಗೆ ಸಿಟ್ಟು ಬರಿಸುವ ವಿಷಯ.

ಎಂಜಿನ್ ಆರಿಸಿ, ಅದು ತಣ್ಣಗಾಗುವವರೆಗೆ ಕಾದು, ಟರ್ಬೋಗೆ ಗಾಳಿ ತರುವ ದಪ್ಪ ಪೈಪನ್ನು ಕಳಚಿದಳು. ಒಳಗೆ ಕಣ್ಣು ಹಾಯುವಷ್ಟು ಜಾಗವಿಲ್ಲ. ಚೀಲದಿಂದ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ತೆಗೆದಳು, ಗಂಡನ ಕ್ಲಿನಿಕ್ಕಿನಿಂದ ತಂದದ್ದು. ಆ ಕನ್ನಡಿ ಮತ್ತೆ ಯಾರ ಬಾಯಿಗೂ ಹೋಗಕೂಡದೆಂದು ನಾನು ಅಲ್ಲೇ ಮಾತು ತೆಗೆದುಕೊಂಡೆ. ಕನ್ನಡಿಯಲ್ಲಿ ಚಕ್ರದ ರೆಕ್ಕೆಗಳನ್ನು ನೋಡಿದಳು, ಒಂದೂ ಮುರಿದಿರಲಿಲ್ಲ. ಎರಡು ಬೆರಳಲ್ಲಿ ಚಕ್ರದ ತುದಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿದಳು, ನನ್ನ ಮಗ ಹಲ್ಲು ಗಟ್ಟಿಯಿದೆಯೇ ಎಂದು ನೋಡುವ ಹಾಗೇ. ಅದು ಅಲ್ಲಾಡಲಿಲ್ಲ.

“ಟರ್ಬೋ ಗಟ್ಟಿಯಿದೆ. ಆದ್ರೆ ಇಲ್ಲಿ ನೋಡಿ” ಎಂದು ಪೈಪಿನ ಒಳಗೆ ಬೆರಳಾಡಿಸಿ ತೋರಿಸಿದಳು. ಬೆರಳಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. “ಚಕ್ರಕ್ಕಿಂತ ಮುಂಚೇನೇ ಒದ್ದೆ. ಟರ್ಬೋ ಆಯಿಲ್ ಸೋರಿಸ್ತಿಲ್ಲ ಅತ್ತೆ, ಟರ್ಬೋ ಹತ್ರ ಆಯಿಲ್ ಬರ್ತಿದೆ. ಎಲ್ಲಿಂದ?”

ಟಾರ್ಚಿನ ಬೆಳಕು ಹಿಡಿದು ಹಿಂದೆ ಹಿಂದೆ ಹೋದೆವು. ಎಂಜಿನ್ ಉಸಿರು ಬಿಡುವ ಒಂದು ಸಣ್ಣ ಪೈಪು ಆ ದೊಡ್ಡ ಪೈಪಿಗೆ ಬಂದು ಸೇರುತ್ತದೆ. ಅದರ ಒಳಗೆಲ್ಲ ಆಯಿಲ್. ಹೊಟ್ಟೆ ಗಂಟಲವರೆಗೆ ತುಂಬಿದರೆ ಯಾರಿಗಾದರೂ ತೇಗು ಬರುತ್ತದೆ. ಕಾರು ತೇಗುತ್ತಿತ್ತು, ತೇಗಿದ್ದೆಲ್ಲ ಟರ್ಬೋ ದಾಟಿ ಎಂಜಿನ್ನಿಗೇ ಹೋಗಿ ಸುಡುತ್ತಿತ್ತು.

“ಅಂದ್ರೆ ಆಯಿಲ್ ಜಾಸ್ತಿಯಾಗಿದೆ” ಎಂದೆ. “ಕಡ್ಡಿ ನೋಡೇ.”

ಕಡ್ಡಿ ಎಳೆದಳು. ಆಯಿಲ್ ಮೇಲಿನ ಗೆರೆಗೆ ಸರಿಯಾಗಿತ್ತು. ಅವಳು ತಲೆ ಕೆರೆದುಕೊಂಡಳು, ಹಣೆಗೆ ಕಪ್ಪು ಮೆತ್ತಿತು. “ಹಾಗಾದ್ರೆ ಪೂರ್ತಿ ಹೊರಗೆ ತೆಗೆದು ಅಳೆಯೋಣ” ಎಂದವಳೇ ಕಾರಿನ ಕೆಳಗೆ ನುಗ್ಗಿ ನಟ್ಟು ಬಿಚ್ಚಿದಳು. ಕೆಳಗೆ ಬಟ್ಟೆ ನೆನೆಸುವ ನನ್ನ ಟಬ್ಬು, ಅಳೆಯಲು ಒಂದು ಲೀಟರಿನ ನನ್ನ ಹಾಲಿನ ಜಗ್ಗು. ನಾನು ಲಬೋ ಲಬೋ ಎನ್ನುವಷ್ಟರಲ್ಲಿ ಜಗ್ಗಿನ ಜನ್ಮ ಮುಗಿದಿತ್ತು. ಕಾರಿನ ಪುಸ್ತಕದ ಪ್ರಕಾರ ನಾಲ್ಕೂವರೆ ಲೀಟರ್ ಇರಬೇಕಿತ್ತು. ನಾನು ಒಂದೊಂದೇ ಜಗ್ಗು ಎಣಿಸಿದೆ. ಆರು ತುಂಬಿ ಏಳನೆಯದಕ್ಕೂ ಸ್ವಲ್ಪ ಬಂತು.

“ಕಡ್ಡಿ ಸುಳ್ಳು ಹೇಳ್ತಿದೆ” ಎಂದೆ.

“ಕಡ್ಡಿ ಕಂಪನೀದು ಅತ್ತೆ, ಹದಿನಾಲ್ಕು ವರ್ಷದಿಂದ ನಿಜಾನೇ ಹೇಳಿದೆ. ಅದು ಕೂತಿರೋ ಜಾಗ...” ಎನ್ನುತ್ತ ಅವಳ ಕೈ ಕೊಳವೆಯ ಬಾಯಿಗೆ ಹೋಯಿತು. ಹೆಬ್ಬೆರಳು ಹಿತ್ತಾಳೆಯ ಮೇಲೆ ನಿಂತಿತು. ಮಾತೂ ನಿಂತಿತು.

ನನಗೂ ಅರ್ಥವಾಯಿತು. ಹಿತ್ತಾಳೆಯ ಆಲಿಕೆ ಹಳೆಯದಕ್ಕಿಂತ ಎತ್ತರವಾಗಿತ್ತು. ಆಲಿಕೆ ಎತ್ತರವಾದರೆ ಅದರ ಮೇಲೆ ಕೂರುವ ಕಡ್ಡಿಯೂ ಮೇಲೇಳುತ್ತದೆ, ತುದಿ ಆಯಿಲ್ ಮುಟ್ಟುವುದು ಕಮ್ಮಿಯಾಗುತ್ತದೆ. ಆಯಿಲ್ ಸರಿಯಿದ್ದರೂ ಕಡ್ಡಿ ಕಮ್ಮಿ ಎನ್ನುತ್ತದೆ. ಇವರು ಸುರಿಯುತ್ತಾರೆ, ಕಾರು ಹೆಚ್ಚಾದದ್ದನ್ನು ತೇಗಿ ಸುಡುತ್ತದೆ, ಇವರು ಮತ್ತೆ ಸುರಿಯುತ್ತಾರೆ. ಒಂದು ವರ್ಷದಿಂದ ನಮ್ಮ ಕಾರು ಆಯಿಲ್ ಕುಡಿಯುತ್ತಿರಲಿಲ್ಲ, ಇವರು ಮೂಗು ಹಿಡಿದು ಕುಡಿಸುತ್ತಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಸೌತೆಕಾಯಿ ಅಳೆದ ಮನುಷ್ಯ! ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಸೊಸೆಯ ಕಡೆ ನೋಡಿದರೆ ಅವಳು ಮೆಟ್ಟಿಲ ಮೇಲೆ ಕೂತು ಎರಡೂ ಕಪ್ಪು ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

“ಇದನ್ನ ನಾನು ಅವರಿಗೆ ಹೇಗೆ ಹೇಳಲಿ ಅತ್ತೆ? ಕಾರು ನಪಾಸು ಅಂದಿದ್ದಕ್ಕೇ ಮಾತು ಬಿಟ್ರು. ಈಗ ನಿಮ್ಮ ಕೈಕೆಲಸಾನೇ ನಪಾಸು ಅಂತ ಹೇಳಲಾ?”

ನಾನು ಉಪಾಯಗಳ ಮೇಲೆ ಉಪಾಯ ಕೊಟ್ಟೆ. ಸದ್ದಿಲ್ಲದೆ ಹೊಸ ಪ್ಲಾಸ್ಟಿಕ್ ಆಲಿಕೆ ಹಾಕಿ, ಹಿತ್ತಾಳೆಯದು ಕಳುವಾಯಿತು ಎನ್ನೋಣ ಎಂದೆ. ನಾನೇ ತಿಳಿಯದೆ ದಿನಾ ಆಯಿಲ್ ಸುರಿಯುತ್ತಿದ್ದೆ ಎಂದು ತಪ್ಪು ನನ್ನ ತಲೆಗೆ ಹಾಕಿಕೊಳ್ಳುತ್ತೇನೆ ಎಂದೆ. ಅವಳು ಎಲ್ಲದಕ್ಕೂ ಬೇಡವೆಂದು ತಲೆಯಾಡಿಸಿದಳು.

“ಅವರಿಗೆ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ. ಅಳತೆ ವಿಷಯದಲ್ಲಂತೂ ಆಗೋದೇ ಇಲ್ಲ.”

ಎದ್ದು, ಪೈಪುಗಳನ್ನೆಲ್ಲ ಒರೆಸಿ ಜೋಡಿಸಿ, ಹೊಸ ಆಯಿಲ್ ನಾಲ್ಕೂವರೆ ಲೀಟರ್ ಅಳೆದು ಹಾಕಿದಳು. ಈಗ ಕಡ್ಡಿ ಇಳಿಸಿದರೆ ಅದರ ತುದಿ ಹೆಚ್ಚುಕಮ್ಮಿ ಒಣಗಿಯೇ ಬರುತ್ತಿತ್ತು. “ಭಾನುವಾ‌ರ ಮಾವ ನೋಡಿದ್ರೆ ಮತ್ತೆ ಸುರೀತಾರೆ. ದಯವಿಟ್ಟು ಸುರಿಯೋಕೆ ಬಿಡಬೇಡಿ. ಇನ್ನೂ ಜಾಸ್ತಿಯಾದ್ರೆ ಎಂಜಿನ್ ಡೀಸೆಲ್ ಬಿಟ್ಟು ತನ್ನ ಆಯಿಲನ್ನೇ ಕುಡಿದು ಓಡೋಕೆ ಶುರು ಮಾಡುತ್ತೆ. ಕೀ ತೆಗೆದ್ರೂ ನಿಲ್ಲಲ್ಲ.” ಅವಳು ಹೀಗೆಂದದ್ದೇ ನಾನು ಆಯಿಲ್ ಡಬ್ಬಿಯನ್ನು ಒಯ್ದು ಹಳೆಯ ಹೊದಿಕೆಗಳ ಪೆಟ್ಟಿಗೆಯೊಳಗೆ ಮುಚ್ಚಿಟ್ಟೆ.

ಭಾನುವಾರ ಬೆಳಿಗ್ಗೆ ಅಂಗಳದಿಂದ ಇವರ ಕೂಗು ಕೇಳಿತು. “ಪೂರ್ತಿ ಕುಡಿದುಬಿಟ್ಟಿದೆ! ಕಡ್ಡೀಲಿ ಒಂದು ಹನಿ ಇಲ್ಲ! ಲೇ, ಡಬ್ಬಿ ಎಲ್ಲಿ?”

ನಾನು ಏನೂ ಕೇಳಿಸದವಳ ಹಾಗೆ ಪಾತ್ರೆ ಒರೆಸುತ್ತಿದ್ದೆ. ಇವರು ಮನೆಯೆಲ್ಲ ಹುಡುಕಿದರು. ಮಂಚದ ಕೆಳಗೆ ಬಗ್ಗಿದರು, ವಾಷಿಂಗ್ ಮಿಷನ್ನಿನ ಬಾಗಿಲು ತೆಗೆದು ನೋಡಿದರು. ಮತ್ತೆ ಹಜಾರಕ್ಕೆ ಬರುವಷ್ಟರಲ್ಲಿ ಸೊಸೆ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿದ್ದಳು. ಅದರ ಮೇಲೆ ಎರಡು ವಸ್ತು. ಒಂದು, ಅಂಗಡಿಯಿಂದ ತಂದ ಹೊಸ ಕಿತ್ತಳೆ ಆಲಿಕೆ. ಇನ್ನೊಂದು, ಅವಳು ಆಗಷ್ಟೇ ಕಾರಿನಿಂದ ಕಳಚಿ ತಂದ ಹಿತ್ತಾಳೆಯದು.

“ಮಾವ, ಇವೆರಡನ್ನೂ ನಾನು ಅಳೆದಿಲ್ಲ. ನೀವೇ ಅಳೀರಿ.”

ಇವರು ನನ್ನ ಕಡೆ ತಿರುಗಿ, “ಏನಂತೆ ಇವರದು?” ಎಂದರು.

“ಲೈನು ಕಟ್ಟಾಗಿದೆ” ಎಂದೆ. “ಆಪರೇಟರ್ ಕೆಲಸ ಬಿಟ್ಟಾಯ್ತು. ಬೇಕಾದ್ರೆ ನೀವೇ ಮಾತಾಡ್ಕೊಳ್ಳಿ.”

ಇವರು ನಿಂತರು. ಮೇಜಿನ ಮೇಲಿದ್ದ ಎರಡನ್ನೂ ನೋಡಿದರು. ಅಳೆಯಿರಿ ಎಂದು ಯಾರಾದರೂ ಹೇಳಿದ ಮೇಲೆ ಅಳೆಯದೆ ಹೋಗುವುದು ಇವರ ಮೈಗುಣವಲ್ಲ. ಕುರ್ಚಿ ಎಳೆದು ಕೂತರು, ಕನ್ನಡಕ ಒರೆಸಿಕೊಂಡರು, ಜೇಬಿನಿಂದ ವರ್ನಿಯರ್ ತೆಗೆದರು. ಮೊದಲು ಕಿತ್ತಳೆಯದು, ಕೊಳವೆಗೆ ಕೂರುವ ಅಂಚಿನಿಂದ ಕಡ್ಡಿ ಕೂರುವ ಅಂಚಿನವರೆಗೆ. ಆಮೇಲೆ ಹಿತ್ತಾಳೆಯದು. ಮತ್ತೆ ಹಿತ್ತಾಳೆಯದು. ಮತ್ತೊಂದು ಸಲ ಕಿತ್ತಳೆಯದು. ಸೊಸೆ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಹದಿನೆಂಟು” ಎಂದರು ಕೊನೆಗೆ. “ಹದಿನೆಂಟು ಮಿಲಿಮೀಟರ್ ಜಾಸ್ತಿ.”

ಇವರು ಹಿತ್ತಾಳೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಕೈ ತಪ್ಪಿ ಆಗಿದ್ದಲ್ಲ ಇದು. ಬೇಕು ಅಂತಲೇ ಎತ್ತರ ಮಾಡಿದ್ದು” ಎಂದರು. “ಹೋದ ವರ್ಷ ನಾನು ಜ್ವರ ಬಂದು ಮಲಗಿದ್ದಾಗ ನಿಮ್ಮತ್ತೆ ಕಡ್ಡಿ ಎಳೆಯೋಕೆ ಹೋಗಿ ಪಕ್ಕದ ಬಿಸಿ ಪೈಪಿಗೆ ಕೈ ತಾಗಿಸಿಕೊಂಡ್ಲು. ಎರಡು ಬೆರಳು ಬೊಬ್ಬೆ ಬಂದಿತ್ತು. ಬಾಯಿ ಸ್ವಲ್ಪ ಮೇಲಿದ್ರೆ ಅವಳ ಬೆರಳಿಗೆ ಜಾಗ ಸಿಗುತ್ತೆ ಅಂತ ಎತ್ತರಿಸಿದೆ. ಕಡ್ಡೀನೂ ಅಷ್ಟೇ ಉದ್ದ ಮಾಡಬೇಕಿತ್ತು. ಅದು ತಲೆಗೇ ಬರಲಿಲ್ಲ ನೋಡು.”

ನಿಮ್ಮತ್ತೆ ಎಂದರು. ನೋಡು ಎಂದರು. ಹದಿಮೂರು ದಿನದ ಮೇಲೆ ಮಾತು ನನ್ನನ್ನು ದಾಟಿ ನೇರವಾಗಿ ಸೊಸೆಗೆ ಹೋಗಿತ್ತು. ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ಬೊಬ್ಬೆ ನನಗೇ ಮರೆತುಹೋಗಿತ್ತು. ಒಂದು ವರ್ಷ ಪೂರ್ತಿ ಅದನ್ನು ಕಾರಿನ ಒಡವೆ ಎಂದು ಆಡಿಕೊಂಡಿದ್ದೆ, ಬೀಗರ ಮುಂದೆಯೂ ಆಡಿಕೊಂಡಿದ್ದೆ. ಈ ಮನುಷ್ಯ ಒಂದು ಸಲವೂ ಬಾಯಿ ಬಿಟ್ಟು ಹೇಳಿರಲಿಲ್ಲ.

“ಹೇಳಬಾರದಾಗಿತ್ತೇನ್ರೀ?”

“ನೀನು ಉಂಗುರ ಕೇಳಿದೆ. ಇದನ್ನ ಯಾಕೆ ಮಾಡಿದ್ರಿ ಅಂತ ಕೇಳಲಿಲ್ಲ” ಎಂದರು. ಈ ಮನುಷ್ಯನಿಗೆ ಪ್ರೀತಿ ಮಾಡುವುದು ಗೊತ್ತು, ಆ ಹೊತ್ತಿಗೆ ಏನು ಮಾತಾಡಬೇಕು ಎಂಬುದು ಮಾತ್ರ ಇವತ್ತಿಗೂ ಗೊತ್ತಿಲ್ಲ.

ಇವರು ಕಿತ್ತಳೆ ಆಲಿಕೆಯನ್ನು ಸೊಸೆಯ ಕಡೆ ತಳ್ಳಿದರು. “ಇದನ್ನೇ ಹಾಕಿಬಿಡು. ಕಂಪನಿ ಅಳತೆ.”

“ಬೇಡ ಮಾವ” ಎಂದಳು ಅವಳು. “ಅತ್ತೆ ಬೆರಳು ಸುಡುತ್ತೆ. ನಿಮ್ದೇ ಇರಲಿ. ಕಡ್ಡಿ ಉದ್ದ ಮಾಡೋಣ.”

ಮಾವ ಸೊಸೆ ಅವತ್ತು ಊಟಕ್ಕೂ ಏಳಲಿಲ್ಲ. ಕಡ್ಡಿಯ ಹಿಡಿ ಬಿಚ್ಚಿದರು, ನಡುವೆ ಹದಿನೆಂಟು ಮಿಲಿಮೀಟರಿನ ತುಂಡೊಂದನ್ನು ಸೇರಿಸಿದರು, ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಅಳೆದರು, ಜಗಳವಾಡಿದರು, ಮತ್ತೆ ಅಳೆದರು. ಸಂಜೆ ಕಾರನ್ನು ದೂರದವರೆಗೆ ಜೋರಾಗಿ ಓಡಿಸಿಕೊಂಡು ಬಂದರು, ಪೈಪುಗಳಲ್ಲಿ ಉಳಿದಿದ್ದ ಆಯಿಲೆಲ್ಲ ಸುಟ್ಟು ಹೋಗಲಿ ಎಂದು. ವಾಪಸು ಬಂದು ನಿಂತಾಗ ಎದುರು ಮನೆಯ ಟೈಲರ್ ಕಿಟಕಿ ಮುಚ್ಚಲು ಎದ್ದವನು ಮುಚ್ಚದೆ ಹಾಗೇ ಕೂತ.

ಸೋಮವಾರ ಬಿಚ್ಚಪ್ಪನಿಗೆ ಬರುವುದಿಲ್ಲ ಎಂದು ಫೋನು ಮಾಡಿ, ಇವರು ನೀಲಿ ತಗಡಿನ ಕೋಣೆಗೆ ಹೊರಟರು. ನಾನೂ ಹತ್ತಿಕೊಂಡೆ. ಸಾಲಿನಲ್ಲಿ ಐದು ಗಾಡಿ ಮುಂದಿದ್ದವು. ಪಕ್ಕದ ಪೆಟ್ರೋಲ್ ಬಂಕಿನ ಹುಡುಗ ಬಂದು, “ಮೇಷ್ಟ್ರೇ, ಮುಂದೆ ಬನ್ನಿ” ಎಂದು ಕರೆದರೂ ಹೋಗಲಿಲ್ಲ, ಟ್ಯಾಕ್ಸಿಯೊಂದರ ಹಿಂದೆ ಬಿಸಿಲಲ್ಲೇ ಕಾದರು. ಸರದಿ ಬಂತು. ಕೊಳವೆ ಒಳಗೆ ಹೋಯಿತು. “ಹೂಂ, ಒತ್ತಿ ಮಾವ.” ಇವರು ಒತ್ತಿದರು. ಹೊಗೆ ಏಳಲಿಲ್ಲ. ಹಿಂದಿನ ಸಾಲಿನವರು ಸಪ್ಪೆ ಮೋರೆ ಹಾಕಿಕೊಂಡರು. ಮೂರು ಸಲವೂ ಅಂಕಿ ಮಿತಿಯೊಳಗೆ ಬಂತು.

ಒಮ್ಮೆ ನಪಾಸಾದ ಗಾಡಿ ಪಾಸಾದರೆ ಒಂದು ಫಾರಂ ತುಂಬಬೇಕು. ಅದರಲ್ಲಿ ‘ಹಿಂದಿನ ಬಾರಿ ನಪಾಸಾಗಲು ಕಾರಣ’ ಎಂದೊಂದು ಸಾಲು. ಸೊಸೆ ಅಲ್ಲಿ ‘ಆಯಿಲ್ ಮಟ್ಟ ಹೆಚ್ಚಾಗಿತ್ತು’ ಎಂದು ಬರೆದು ಸಹಿಗೆ ಕೊಟ್ಟಳು. ಇವರು ಓದಿದರು.

“ಇದು ಕಾರಣ ಅಲ್ಲ” ಎಂದರು, ತರಗತಿಯಲ್ಲಿ ಹೇಳುವ ದನಿಯಲ್ಲಿ. “ಕಾರಣದಿಂದ ಆಗಿದ್ದು. ಪೆನ್ನು ಕೊಡು.”

ಅವಳು ಕೊಟ್ಟಳು. ಇವರು ಅವಳು ಬರೆದದ್ದನ್ನು ಹೊಡೆದುಹಾಕಿ, ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಮುದ್ದಾಗಿ ಬರೆದರು. ಸಾಲಿನಲ್ಲಿದ್ದ ಟ್ರಕ್ಕಿನವನೊಬ್ಬ ಇಳಿದು ಬಂದು ಇವರ ಭುಜದ ಹಿಂದಿನಿಂದ ಇಣುಕಿ, ಎಲ್ಲರಿಗೂ ಕೇಳಿಸುವ ಹಾಗೆ ಓದಿದ: “ಅಳತೆ ತಪ್ಪು. ತಪ್ಪು ಮಾಡಿದ್ದು ಮೇಷ್ಟ್ರು. ಕಂಡುಹಿಡಿದದ್ದು ಅವರ ಶಿಷ್ಯೆ.”

ಈ ಸಲ ಯಾರೂ ಕಿಸಕ್ಕೆನ್ನಲಿಲ್ಲ.

“ಮಾವ, ಇದು ಆಫೀಸ್ ಫಾರಂ. ಇಲ್ಲಿ ಹೀಗೆಲ್ಲ ಬರೆಯೋ ಹಾಗಿಲ್ಲ” ಎಂದಳು ಸೊಸೆ.

“ಹಾಗಾದ್ರೆ ನಪಾಸು ಮಾಡು.”

“ಗಾಡಿ ಪಾಸಾಗಿದೆ. ನಡೀರಿ, ಹಿಂದಿನವರು ಕಾಯ್ತಿದ್ದಾರೆ.”

ಇವರು ಗತ್ತಿನಿಂದ ಕಾರು ಹತ್ತಿದರು. ನಾನು ಹತ್ತುವ ಮೊದಲು ಒಮ್ಮೆ ತಿರುಗಿ ನೋಡಿದೆ. ಸೊಸೆ ಮೇಜಿನ ಖಾನೆಯಿಂದ ಇನ್ನೊಂದು ಫಾರಂ ತೆಗೆದು ಮೊದಲಿನಿಂದ ತುಂಬುತ್ತಿದ್ದಳು. ಕಚೇರಿಯ ಒಂದು ಗುಂಡುಪಿನ್ನನ್ನೂ ಇವತ್ತಿನವರೆಗೆ ಮನೆಗೆ ತಾರದವಳು, ಮಾವ ಬರೆದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ತನ್ನ ಕೈಚೀಲದೊಳಗೆ ಹಾಕಿಕೊಂಡಳು.